ಗೇಣುದ್ದದ ತಂತಿ ಕದ್ದ ಕಳ್ಳ

ಕಂಪ್ಯೂಟರ್ ಆನ್ ಆಯಿತು. ಪರದೆ ಬೆಳಗಿತು. ಚಿತ್ರ ಮಾತ್ರ ಓಡಲಿಲ್ಲ.

ತಂಗಿ ಇನ್ನೊಮ್ಮೆ ಬಟನ್ ಒತ್ತಿದಳು. ಪರದೆಯ ಮೇಲೆ ಬಸ್ ತೊಳೆಯುವ ಹೆಂಗಸು ಪೈಪ್ ಎತ್ತಿದಳು, ಎತ್ತಿದವಳು ಹಾಗೇ ನಿಂತಳು. ನೀರಿನ ಹನಿಗಳೂ ಗಾಳಿಯಲ್ಲೇ ನಿಂತವು. ಎರಡು ಸೆಕೆಂಡ್ ಬಿಟ್ಟು ಒಂದು ಹೆಜ್ಜೆ. ಮತ್ತೆ ನಿಂತಳು.

"ಅಕ್ಕಾ!"

ಅಕ್ಕ ಆಗಷ್ಟೇ ಠಾಣೆಯಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಳು. ಅವಳು ಸಬ್‌ಇನ್‌ಸ್ಪೆಕ್ಟರ್. ಬೀದಿಯವರ ಬಾಯಲ್ಲಿ ಬರೀ ಇನ್‌ಸ್ಪೆಕ್ಟರ್. ಕೆಲಸದಲ್ಲಿ ಗಟ್ಟಿಗಿತ್ತಿ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಬರೀ ಕಾಲುಚೀಲ, ಹಾಗೇ ಓಡಿಬಂದಳು.

"ಏನಾಯ್ತೇ?"

"ಮೆಷಿನ್ ಕುಂಟ್ತಾ ಇದೆ. ಶನಿವಾರದ ತನಕ ಚೆನ್ನಾಗೇ ಇತ್ತು."

ತಂಗಿ ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದಳು. ಎರಡು ದಪ್ಪ ನಿಘಂಟು ಒತ್ತಿಟ್ಟಷ್ಟು ದೊಡ್ಡ ಡಬ್ಬ ಅದು. ಹಜಾರದ ಮೂಲೆಯ ಪುಟ್ಟ ಮೇಜಿಗೆ ಅದಕ್ಕಿಂತ ದೊಡ್ಡದು ಹಿಡಿಸುತ್ತಲೂ ಇರಲಿಲ್ಲ, ವಿದ್ಯಾರ್ಥಿನಿಯ ಕೈಗೆ ಎಟುಕುತ್ತಲೂ ಇರಲಿಲ್ಲ. ಹಗಲು ವಿಡಿಯೋ ಎಡಿಟಿಂಗ್, ಸಂಜೆ ಗೇಮ್, ಎರಡೂ ಅದರಲ್ಲೇ. ತಂಗಿ ಒಳಗೆ ಇಣುಕಿದಳು.

"ಗ್ರಾಫಿಕ್ಸ್ ಕಾರ್ಡೇ ಇಲ್ಲ ಅಕ್ಕ!"

ಚಿತ್ರದ ಭಾರವನ್ನೆಲ್ಲ ಹೊರುವುದೇ ಆ ಕಾರ್ಡ್. ಇಡೀ ಡಬ್ಬದಲ್ಲಿ ಅತಿ ದುಬಾರಿ ವಸ್ತು. ಎರಡು ವರ್ಷ ಶಾಲಾ ಸಮಾರಂಭಗಳ ವಿಡಿಯೋ ತೆಗೆದು ಕೂಡಿಟ್ಟ ದುಡ್ಡಿನಲ್ಲಿ, ಅದೂ ಸೆಕೆಂಡ್ ಹ್ಯಾಂಡ್, ತಂಗಿ ಕೊಂಡಿದ್ದಳು. ಬಸ್ ತೊಳೆಯುವ ಹೆಂಗಸರ ಮೇಲಿನ ಅವಳ ಡಿಪ್ಲೊಮಾ ಚಿತ್ರವನ್ನು ಶುಕ್ರವಾರ ಸಂಜೆ ಐದರೊಳಗೆ ಕಾಲೇಜಿಗೆ ಒಪ್ಪಿಸಬೇಕು. ತಪ್ಪಿದರೆ ಒಂದು ವರ್ಷ ನೀರಲ್ಲಿ ಹೋಮ. ಇವತ್ತು ಸೋಮವಾರ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಬಾಗಿಲ ಬೀಗ ಮುರಿದಿಲ್ಲ. ಸ್ಕ್ರೂಗಳಿಗೆ ಗೀರು ಬಿದ್ದಿಲ್ಲ. ಕಾರ್ಡ್ ಇದ್ದ ಜಾಗದ ಹಿಂಬದಿಗೆ ಎರಡು ತಗಡಿನ ಪಟ್ಟಿ ಕೂರಿಸಿ ಸಂದು ಮುಚ್ಚಿತ್ತು. ಮಾನಿಟರಿನ ಕೇಬಲ್ ಮೇಲಿನ ತೂತಿನಲ್ಲಿತ್ತು.

"ಇದು ಇಲ್ಲೇ ಇತ್ತಾ?"

"ಇಲ್ಲಕ್ಕ. ಕೆಳಗೆ ಇತ್ತು, ಕಾರ್ಡಿಗೆ ಸಿಕ್ಕಿಸಿತ್ತು. ಕಾರ್ಡ್ ತಗೊಳ್ಳೋಕೆ ಮುಂಚೆ ಒಂದೂವರೆ ತಿಂಗಳು ಮೇಲಿನ ತೂತಿಂದಲೇ ನಡೆಸ್ತಿದ್ವಲ್ಲ. ಈ ಪ್ರೊಸೆಸರಿಗೆ ಕಾರ್ಡ್ ಇಲ್ದೇನೂ ಪರದೆ ಬರುತ್ತೆ. ನಿಧಾನ, ಅಷ್ಟೆ."

"ಹಾಗಾದ್ರೆ ಕಳ್ಳ ಕೇಬಲನ್ನೂ ಬದಲಾಯಿಸಿ ಹೋಗಿದಾನೆ. ಈ ಮೆಷಿನ್ ಅವನಿಗೆ ಚೆನ್ನಾಗಿ ಗೊತ್ತು."

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಗಂಡ ಬಂದ. ಕಚೇರಿಗಳ ಜೆರಾಕ್ಸ್ ಮೆಷಿನ್ ರಿಪೇರಿ ಅವನ ಕಸುಬು. ಹೆಗಲಲ್ಲಿ ಸಾಮಾನಿನ ಚೀಲ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು ಪುಡಿ. ಮೂರು ತಿಂಗಳ ಹಿಂದೆ ಈ ಡಬ್ಬವನ್ನು ಕೂತು ಜೋಡಿಸಿಕೊಟ್ಟವನೂ ಅವನೇ. ನಾದಿನಿ ಅಳುತ್ತಿದ್ದುದನ್ನು ಕೇಳಿ ಅವನು ಗೋಡೆಗೆ ಒರಗಿ ನಿಂತುಬಿಟ್ಟ.

"ಹೋದ್ದು ಹೋಯ್ತು ಬಿಡು ಪುಟ್ಟಾ," ಅಂದ. "ನಾನು ಹೇಗಾದ್ರೂ ಇನ್ನೊಂದು ವ್ಯವಸ್ಥೆ ಮಾಡ್ತೀನಿ. ಪೊಲೀಸು ಗಿಲೀಸು ಅಂತ ರಂಪ ಬೇಡ."

"ಪೊಲೀಸ್ ಮನೆಯಲ್ಲೇ ಇರುವಾಗ ರಂಪ ಏನು ಬಂತು?" ಎಂದಳು ಇನ್‌ಸ್ಪೆಕ್ಟರ್. "ಬೀಗದ ಕೈ ಹೂಕುಂಡದ ಕೆಳಗೆ ಇಡೋದು ನಮ್ಮ ಮೂರು ಜನ ಬಿಟ್ರೆ ಯಾರಿಗೆ ಗೊತ್ತು?"

ತಂಗಿ ಕಣ್ಣೊರೆಸಿಕೊಂಡಳು. ಉತ್ತರ ಹೇಳಲು ಅವಳಿಗೆ ಇಷ್ಟವಿರಲಿಲ್ಲ.

"ರೇಡಿಯೋಗೆ," ಎಂದಳು.

* * *

ರೇಡಿಯೋ ಎಂದರೆ ತಂಗಿಯ ಸಹಪಾಠಿ. ಬಾಯಿ ತೆರೆದರೆ ಮುಚ್ಚುವವನಲ್ಲ, ಅದಕ್ಕೇ ಆ ಹೆಸರು. ಚಿತ್ರಕ್ಕೆ ಶಬ್ದ ಹಿಡಿದವನು ಅವನೇ. ನೀರಿನ ಸದ್ದು, ಬಸ್ಸಿನ ಬ್ರೇಕು, ಹೆಂಗಸರ ನಗು, ಎಲ್ಲ ಅವನ ಪೆಟ್ಟಿಗೆಯಲ್ಲಿತ್ತು. ಸಂಜೆ ಹೊತ್ತು ಬಂದು ಇದೇ ಮೆಷಿನ್‌ನಲ್ಲಿ ಗೇಮ್ ಆಡುತ್ತಿದ್ದ. ಹೋದ ವಾರವಷ್ಟೇ "ಕಾರ್ಡ್ ಎರಡು ದಿನ ಕೊಡೇ, ನನ್ನ ಮೆಷಿನ್‌ಗೆ ಹಾಕಿ ನೋಡಿ ಕೊಡ್ತೀನಿ" ಎಂದು ಗೋಗರೆದಿದ್ದ.

ಕೆಳಗಿನ ಮನೆಯ ರಿಟೈರ್ಡ್ ಟೀಚರ್ ಮೆಟ್ಟಿಲ ಎದುರಿನ ಕಿಟಕಿ ಬಿಟ್ಟು ಏಳುವವರಲ್ಲ. ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಅವರನ್ನು ಕೇಳಿದಳು.

"ನಿನ್ನೆ ಯಾರಾದ್ರೂ ಬಂದಿದ್ರಾ ಟೀಚರ್?"

"ಬಂದಿದ್ನಲ್ಲ, ಆ ವಟವಟ ಹುಡುಗ. ಮಧ್ಯಾಹ್ನ ಹನ್ನೆರಡಕ್ಕೆ. ದೊಡ್ಡ ಬ್ಯಾಗ್ ಇತ್ತು. ಬಂದ, ಹೋದ. ಬೇರೆ ಯಾರೂ ಬರ್ಲಿಲ್ಲ."

ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಖಾಕಿ ತೊಟ್ಟರೆ ಆ ಗಾದೆಗೆ ರಿಯಾಯಿತಿ ಏನೂ ಸಿಗುವುದಿಲ್ಲ.

ಸಂಜೆ ರೇಡಿಯೋ ಬಂದ. ಯಾವತ್ತಿನ ಹಾಗೆ ಮೆಟ್ಟಿಲು ಹತ್ತುತ್ತಲೇ ಮಾತು ಶುರು.

"ಅಕ್ಕಾ, ಊಟ ಆಯ್ತಾ ಅಂತ ಕೇಳೋ ಹೊತ್ತಲ್ಲ ಇದು, ಟೀ ಆಯ್ತಾ ಅಂತ ಕೇಳ್ತೀನಿ. ಆಗಿಲ್ದಿದ್ರೆ ನಂಗೂ ಸೇರಿಸಿ..."

"ನಿಲ್ಲು ಅಲ್ಲೇ. ನಿನ್ನೆ ಮನೆ ಒಳಗೆ ಬಂದಿದ್ಯಾ?"

"ಬಂದಿದ್ದೆ. ಮೈಕ್ ಬಿಟ್ಟು ಹೋಗಿದ್ದೆ, ತಗೊಂಡೆ. ಕೀ ಕುಂಡದ ಕೆಳಗೇ ಇಟ್ಟೆ. ಯಾಕಕ್ಕ?"

"ಬ್ಯಾಗ್ ಬಿಚ್ಚು."

ಅವನು ನಕ್ಕ. ತಮಾಷೆ ಅಂದುಕೊಂಡಿದ್ದ. ಅವಳು ನಗಲಿಲ್ಲ. ಬ್ಯಾಗ್ ಕಿತ್ತುಕೊಂಡು ಮೆಟ್ಟಿಲ ಮೇಲೇ ಸುರಿದಳು. ಮೈಕು, ಬ್ಯಾಟರಿ, ಕೇಬಲ್ ಸುರುಳಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಒಂದು ಸ್ಕ್ರೂ ಡ್ರೈವರ್. ಟೀಚರ್ ಕಿಟಕಿಗೆ ಬಂದರು. ಎದುರುಮನೆಯ ಗಂಡ ಹೆಂಡತಿ ಬಾಗಿಲಿಗೆ ಬಂದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಕಾಲೂರಿ ನಿಂತರು.

"ಇದೇನು?"

"ಸ್ಕ್ರೂ ಡ್ರೈವರ್ ಅಕ್ಕ. ಮೈಕ್ ಸ್ಟ್ಯಾಂಡ್ ಸಡಿಲ ಆಗುತ್ತೆ, ಅದಕ್ಕೆ."

"ಕಾರ್ಡ್ ಎಲ್ಲಿಟ್ಟಿದೀಯಾ? ಮಾರಿದ್ಯಾ? ಈಗ ಹೇಳಿದ್ರೆ ಇಲ್ಲೇ ಮುಗಿಯುತ್ತೆ. ಇಲ್ದಿದ್ರೆ ಠಾಣೆಯಲ್ಲಿ ಹೇಳ್ತೀಯಾ."

ರೇಡಿಯೋ ಬಾಯಿ ತೆರೆದ. ಮಾತು ಬರಲಿಲ್ಲ. ಮೊಣಕಾಲೂರಿ ಸಾಮಾನು ಒಂದೊಂದೇ ಎತ್ತಿ ಬ್ಯಾಗಿಗೆ ಹಾಕಿಕೊಂಡ. ಒಂದು ಬ್ಯಾಟರಿ ಉರುಳಿ ಮೆಟ್ಟಿಲಿಳಿದು ಹೋಯಿತು. ಅವನು ಅದನ್ನು ಹುಡುಕಲೂ ಇಲ್ಲ.

"ನಾನು ತಗೊಂಡಿಲ್ಲ ಮೇಡಂ," ಅಂದ. ಹೋದ.

ಮೂರು ವರ್ಷದಲ್ಲಿ ಮೊದಲ ಸಲ ಅವನು ಅವಳನ್ನು ಮೇಡಂ ಅಂದಿದ್ದ. ಇನ್‌ಸ್ಪೆಕ್ಟರಿಗೆ ಅದು ಕೇಳಿಸಿತು, ಎದೆಯಲ್ಲಿ ಚುಳ್ ಅಂತಲೂ ಅಂದಿತು. ಕಳ್ಳರೆಲ್ಲ ಹೀಗೇ ನಾಟಕ ಆಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

* * *

ಬುಧವಾರ ರೇಡಿಯೋ ಫೋನ್ ಎತ್ತಲಿಲ್ಲ. ಕಾಲೇಜಿಗೂ ಬರಲಿಲ್ಲ. ಸುದ್ದಿ ಮಾತ್ರ ಅವನಿಗಿಂತ ಮೊದಲೇ ಕಾಲೇಜು ತಲುಪಿತ್ತು.

"ಎಲ್ರೂ ಅವನನ್ನ ಕಾರ್ಡು ಕಳ್ಳ ಅಂತಿದಾರೆ," ಎಂದಳು ತಂಗಿ, ಕಾಲೇಜಿನಿಂದ ಫೋನಿನಲ್ಲಿ. "ನನ್ನ ಚಿತ್ರಕ್ಕೆ ಈಗ ಕಾರ್ಡೂ ಇಲ್ಲ, ಸದ್ದೂ ಇಲ್ಲ. ಕಾರ್ಡ್ ಹೋದ್ರೆ ನಿಧಾನಕ್ಕಾದ್ರೂ ಮುಗಿಸ್ತಿದ್ದೆ ಅಕ್ಕ. ಅವನು ಹೋದ್ರೆ ಹೇಗೆ ಮುಗಿಸ್ಲಿ?"

ಅಂದು ಇನ್‌ಸ್ಪೆಕ್ಟರಿಗೆ ವಾರದ ರಜೆ. ಮಧ್ಯಾಹ್ನ ಒಬ್ಬಳೇ ಡಬ್ಬದ ಮುಂದೆ ಕುಳಿತಳು. ಬೆಳಕಿಗೆ ಹಿಡಿದು ನೋಡಿದಳು. ಆ ಎರಡು ತಗಡಿನ ಪಟ್ಟಿಗಳು ಅವಳನ್ನು ಕಾಡುತ್ತಿದ್ದವು. ಕದಿಯಲು ಬಂದವನಿಗೆ ಧೂಳು ಹೋಗದ ಹಾಗೆ ಸಂದು ಮುಚ್ಚುವ ಕಾಳಜಿ ಯಾಕೆ? ಮೆಷಿನ್ ನಡೆಯಲಿ ಎಂದು ಕೇಬಲ್ ಬದಲಾಯಿಸುವ ದಯೆ ಯಾಕೆ?

"ಕಾರ್ಡ್ ಜೋಡಿಸಿದಾಗ ಒಳಗೆ ಹೇಗಿತ್ತು ಅಂತ ನೆನಪಿದೆಯಾ?" ಎಂದು ತಂಗಿಗೆ ಫೋನ್ ಮಾಡಿದಳು.

"ವೈರಿಂಗ್ ಎಲ್ಲ ಭಾವಂದು. ನಾನು ಕ್ಯಾಮೆರಾ ಹಿಡಿದಿದ್ದೆ. ವಿಡಿಯೋ ಇದೆ ನೋಡು, 'ಡಬ್ಬ' ಅಂತ ಫೋಲ್ಡರ್."

ವಿಡಿಯೋ ಕುಂಟುತ್ತಲೇ ಓಡಿತು. ಊಟದ ಮೇಜು. ಹರಡಿದ ರಟ್ಟಿನ ಪೆಟ್ಟಿಗೆಗಳು. ಗಂಡನ ಕೈಗಳು. ಅವನ ದನಿಯಲ್ಲಿ ಮದುಮಗನ ಉತ್ಸಾಹ. ಕಾರ್ಡ್ ಕೂರಿಸಲು ಹಿಂಬದಿಯ ಎರಡು ತಗಡಿನ ಪಟ್ಟಿ ಬಿಚ್ಚಿದ. "ಇದನ್ನ ಎಸೀಬೇಡಿ, ಯಾವತ್ತಾದ್ರೂ ಬೇಕಾಗುತ್ತೆ" ಎನ್ನುತ್ತಾ ತನ್ನ ಸಾಮಾನಿನ ಕಪಾಟಿಗೆ ಹಾಕಿ ಬೀಗ ಹಾಕಿದ. ಕಪಾಟಿನ ಕೀ ಅವನ ಸೊಂಟದ ಗೊಂಚಲಲ್ಲಿತ್ತು.

ಇನ್‌ಸ್ಪೆಕ್ಟರ್ ಆ ಭಾಗವನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದಳು.

ವಿಡಿಯೋ ಮುಂದುವರಿಯಿತು. "ಈ ಪವರ್ ಸಪ್ಲೈ ನಮ್ಮ ಆಫೀಸಿನ ಗುಜರಿದು," ಗಂಡನ ದನಿ. "ಇದರಲ್ಲಿ ಕಾರ್ಡಿಗೆ ಬೇಕಾದ ಪ್ಲಗ್ಗೇ ಇಲ್ಲ. ಹೊಸದು ತರ್ಬೇಕು. ಚಿಕ್ಕ ಡಬ್ಬಕ್ಕೆ ಕೂರೋ ಸೈಜು ದುಬಾರಿ."

ಆಮೇಲೆ ಇನ್ನೊಂದು ದನಿ. ಅಡುಗೆಮನೆಯಿಂದ, ಗತ್ತಿನಿಂದ.

"ಕರೆಂಟ್ ಕೊಡೋ ಡಬ್ಬಕ್ಕೆ ಅಷ್ಟು ದುಡ್ಡಾ? ಅದೇನು ಆಟ ಆಡುತ್ತಾ, ಚಿತ್ರ ಕತ್ತರಿಸುತ್ತಾ? ಇರೋದರಲ್ಲೇ ಮಾಡ್ರಿ. ನಿಮ್ಮ ಕೈಲಾಗದ್ದು ಯಾವುದಿದೆ?"

ಅದು ಅವಳದೇ ದನಿ.

ವಿಡಿಯೋದಲ್ಲಿ ಗಂಡನ ಕೈ ಪವರ್ ಸಪ್ಲೈ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ನಕ್ಕು ಚೀಲದಿಂದ ಗೇಣುದ್ದದ ತಂತಿ ತೆಗೆದ. ಹಳೇ ಡಿಸ್ಕಿನ ಎರಡು ಪ್ಲಗ್ಗನ್ನು ಸೇರಿಸಿ ಕಾರ್ಡಿನ ಒಂದು ಪ್ಲಗ್ ಮಾಡುವ ಅಡಾಪ್ಟರ್. ಹಳದಿ, ಕಪ್ಪು. ಒಂದು ಟೀಗೆ ಕೊಡುವಷ್ಟೂ ಬೆಲೆಯಿಲ್ಲ ಅದಕ್ಕೆ.

ಇನ್‌ಸ್ಪೆಕ್ಟರ್ ಡಬ್ಬದೊಳಗೆ ಕೈ ಹಾಕಿ ತಡಕಿದಳು. ಆ ತಂತಿ ಇರಲಿಲ್ಲ.

ಅವಳು ಕೆಳಗಿಳಿದು ಟೀಚರ್ ಕಿಟಕಿಯ ಮುಂದೆ ನಿಂತಳು.

"ಸೋಮವಾರ ನಮ್ಮ ಯಜಮಾನ್ರು ಬಂದಿದ್ರಾ?"

"ಬಂದಿದ್ರಲ್ಲ. ಹತ್ತೂವರೆಗೆ ಬಂದು ಹನ್ನೊಂದೂವರೆಗೆ ಹೋದ್ರು."

"ನಿನ್ನೆ ಕೇಳ್ದಾಗ ಹೇಳ್ಲಿಲ್ವಲ್ಲ ಟೀಚರ್?"

"ನೀವು ಯಾರು ಬಂದಿದ್ರು ಅಂತ ಕೇಳಿದ್ರಮ್ಮ. ಮನೆಯವರನ್ನ ಯಾರಾದ್ರೂ ಬಂದೋರು ಅಂತ ಲೆಕ್ಕಕ್ಕೆ ಹಿಡೀತಾರಾ?"

* * *

ಸಂಜೆ ಆರಕ್ಕೆ ಗಂಡ ಬಂದ. ತಂಗಿಯೂ ಬಂದಿದ್ದಳು. ಇನ್‌ಸ್ಪೆಕ್ಟರ್ ಊಟದ ಮೇಜಿನ ಮೇಲೆ ಡಬ್ಬವನ್ನು ಬಿಚ್ಚಿಟ್ಟಿದ್ದಳು.

"ಕೂತ್ಕೊಳ್ರಿ."

ಅವನು ಕೂರಲಿಲ್ಲ.

"ನಿಜವಾದ ಕಳ್ಳ ಕಾರ್ಡ್ ಕೀಳ್ತಾನೆ, ಓಡ್ತಾನೆ," ಅಂದಳು. "ಈ ಕಳ್ಳ ಅದರ ಮೇಲೆ ಮೂರು ಕೆಲಸ ಮಾಡಿದಾನೆ. ಒಂದು, ಕೇಬಲ್ ಬದಲಾಯಿಸಿದಾನೆ, ಇವಳ ಕೆಲಸ ಪೂರ್ತಿ ನಿಲ್ಲಬಾರದು ಅಂತ. ಎರಡು, ಪಟ್ಟಿ ಕೂರಿಸಿದಾನೆ. ಅವು ನಿಮ್ಮ ಕಪಾಟಿನಲ್ಲಿ ಬೀಗದೊಳಗಿದ್ವು. ಮೂರನೇದು ನೋಡಿ ನಂಗೆ ನಗು ಬರ್ಬೇಕಿತ್ತು, ಬರ್ಲಿಲ್ಲ. ಅಷ್ಟು ದುಬಾರಿ ಕಾರ್ಡ್ ಕದ್ದವನು ಕವಡೆ ಕಿಮ್ಮತ್ತಿಲ್ಲದ ತಂತೀನೂ ಒಯ್ದಿದಾನೆ. ಯಾಕೆ? ಆ ತಂತಿ ಸಿಕ್ಕಿದ್ರೆ ಅದೇ ಎಲ್ಲ ಹೇಳ್ಬಿಡ್ತಿತ್ತು."

ಗಂಡ ನೆಲ ನೋಡುತ್ತಿದ್ದ.

"ಶನಿವಾರ ಸುಟ್ಟ ವಾಸನೆ ಬಂದಿತ್ತು ಭಾವ," ಎಂದಳು ತಂಗಿ ಮೆಲ್ಲಗೆ, ಅವಳಿಗೆ ಈಗಷ್ಟೇ ಹೊಳೆದ ಹಾಗೆ. "ನೀವು ಇಸ್ತ್ರಿ ಪೆಟ್ಟಿಗೆದು ಅಂದ್ರಿ."

"ನನ್ನ ಯೂನಿಫಾರಂ ಲಾಂಡ್ರಿಯಲ್ಲಿತ್ತು," ಎಂದಳು ಇನ್‌ಸ್ಪೆಕ್ಟರ್. "ಶನಿವಾರ ಈ ಮನೆಯಲ್ಲಿ ಯಾರೂ ಇಸ್ತ್ರಿ ಹಾಕಿಲ್ಲ."

ಗಂಡ ಚೀಲದಿಂದ ಟೋನರಿನ ಖಾಲಿ ಪೆಟ್ಟಿಗೆ ತೆಗೆದ. ಅದರೊಳಗೆ ಬೆಳ್ಳಿ ಬಣ್ಣದ ಕವರು, ಕವರಿನೊಳಗೆ ಕಾರ್ಡ್. ಹಸುಗೂಸಿನ ಹಾಗೆ ಸುತ್ತಿಟ್ಟಿದ್ದ. ಕಾರ್ಡಿನ ಪ್ಲಗ್ ಕೂರುವ ಜಾಗ ಕಂದಿತ್ತು. ತಂತಿಯ ತುದಿ ಕರಗಿ ಗಂಟಾಗಿತ್ತು.

"ಶನಿವಾರವೇ ಅನುಮಾನ ಬಂತು," ಅಂದ. "ಸೋಮವಾರ ಬಿಚ್ಚಿ ನೋಡಿದ್ರೆ ಹೀಗೆ. ಇನ್ನು ಎರಡು ದಿನ ಬಿಟ್ಟಿದ್ರೆ ಹೊತ್ಕೊಳ್ತಿತ್ತು. ಇವಳು ಅದರ ಪಕ್ಕದಲ್ಲೇ ಮಲಗ್ತಾಳೆ. ಆ ತಂತಿ ಅಷ್ಟು ಭಾರ ತಡೆಯಲ್ಲ ಅಂತ ನಂಗೆ ಗೊತ್ತಿತ್ತು ಕಣೇ. ಗೊತ್ತಿದ್ದೂ ಹಾಕ್ದೆ."

"ಹೇಳ್ಬಾರದಿತ್ತಾ?"

"ನನ್ನ ಕೈಲಾಗದ್ದು ಯಾವುದೂ ಇಲ್ಲ ಅಂತ ನೀನೇ ಹೇಳಿದ್ದೆ. ಅದಾದ ಮೇಲೆ ಬಾಯಿ ಬರ್ಲಿಲ್ಲ. ಯಾರೋ ಕಳ್ಳ ಒಯ್ದ ಅಂದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ. ಹೆಸರಿಲ್ಲದ ಕಳ್ಳ."

"ಪೊಲೀಸ್ ಮನೆಯಲ್ಲಿ ಕಳ್ಳ ಹೆಸರಿಲ್ಲದೆ ಇರೋಕಾಗುತ್ತೇನ್ರೀ?" ಎಂದಳು. "ಆ ಹುಡುಗನ ಬ್ಯಾಗ್ ಸುರೀವಾಗ ಎಲ್ಲಿದ್ರಿ ನೀವು?"

ಅವನು ಕಾರ್ಡನ್ನು ಮತ್ತೆ ಕವರಿನೊಳಗೆ ಸರಿಸಿದ.

"ಬಾಗಿಲ ಹಿಂದೆ," ಅಂದ.

ತಂಗಿ ಎದ್ದು ತನ್ನ ಮೂಲೆಗೆ ಹೋದಳು. ಇನ್‌ಸ್ಪೆಕ್ಟರ್ ಗಂಡನನ್ನು ಬೈಯಬೇಕೆಂದು ಎದ್ದಳು, ವಿಡಿಯೋದಲ್ಲಿ ಕೇಳಿದ ತನ್ನದೇ ದನಿ ನೆನಪಾಯಿತು. ಇರೋದರಲ್ಲೇ ಮಾಡ್ರಿ ಎಂದವಳು ಅವಳು. ವಿಚಾರಿಸದೆ ಬ್ಯಾಗ್ ಸುರಿದವಳೂ ಅವಳೇ. ಗಂಡ ಅಡಗಿಸಿಟ್ಟದ್ದು ಒಂದು ಕಾರ್ಡ್. ಅವಳು ಕಸಿದದ್ದು ಒಬ್ಬನ ಮಾನ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಅದು ಗೇಣುದ್ದದ ತಂತಿಗೆ ಹೋಗಿತ್ತು.

* * *

ಗುರುವಾರ ಬೆಳಿಗ್ಗೆ ಏಳಕ್ಕೆ ಇನ್‌ಸ್ಪೆಕ್ಟರ್ ರೇಡಿಯೋ ಮನೆಯ ಬಾಗಿಲು ತಟ್ಟಿದಳು. ಅವನ ತಾಯಿ ತೆಗೆದರು. ಖಾಕಿ ನೋಡಿ ಅವರು ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತರು.

"ಹಿಡಿಯೋಕೆ ಬಂದಿಲ್ಲಮ್ಮ. ಕ್ಷಮೆ ಕೇಳೋಕೆ ಬಂದಿದೀನಿ. ಕಳ್ಳತನವೇ ಆಗಿರ್ಲಿಲ್ಲ."

ರೇಡಿಯೋ ಒಳಗಿಂದ ಬಂದು ನಿಂತ. ಎಲ್ಲವನ್ನೂ ಕೇಳಿಸಿಕೊಂಡ.

"ನನಗೋಸ್ಕರ ಬರ್ಬೇಡ," ಎಂದಳು. "ಅವಳ ಚಿತ್ರ ಇದೆ. ಕಾರ್ಡ್ ಸುಟ್ಟಿದೆ, ಮೆಷಿನ್ ನಿಧಾನ. ಇವತ್ತು ಸಂಜೆ ಏಳರೊಳಗೆ ಸದ್ದು ಕೂರಿಸಿ ಮುಗಿಸಿದ್ರೆ ನಾಳೆ ಮಧ್ಯಾಹ್ನಕ್ಕೆ ಪೂರ್ತಿ ಫೈಲ್ ಬರುತ್ತಂತೆ."

ಅವನು ಒಳಗೆ ಹೋಗಿ ತನ್ನ ಪೆಟ್ಟಿಗೆ ತಂದ.

ಮನೆ ಮುಟ್ಟಿದಾಗ ಟೀಚರ್ ಕಿಟಕಿಯಲ್ಲಿದ್ದರು. ಇನ್‌ಸ್ಪೆಕ್ಟರ್ ಅದೇ ಮೆಟ್ಟಿಲ ಮೇಲೆ ನಿಂತಳು. ಎದುರುಮನೆಯವರನ್ನೂ ಹೆಸರು ಹಿಡಿದು ಕರೆದಳು.

"ಮಂಗಳವಾರ ನೀವೆಲ್ಲ ನೋಡಿದ್ರಿ. ಇವತ್ತೂ ನೋಡಿ. ಈ ಹುಡುಗ ಏನೂ ಕದ್ದಿಲ್ಲ. ನಾನು ವಿಚಾರಿಸದೆ ಅವಮಾನ ಮಾಡ್ದೆ. ತಪ್ಪು ನಂದು."

"ಕಾರ್ಡ್ ತೆಗೆದದ್ದು ನಾನು," ಎಂಬ ದನಿ ಕೇಳಿಸಿತು.

ಗಂಡ ಬಾಗಿಲ ಹಿಂದಿನಿಂದ ಹೊರಗೆ ಬಂದಿದ್ದ. ಮೆಟ್ಟಿಲಿಳಿದು ಹೆಂಡತಿಯ ಪಕ್ಕದಲ್ಲಿ ನಿಂತ. "ನೋಡ್ತಾ ಸುಮ್ಮನಿದ್ದವನೂ ನಾನೇ," ಎಂದು ಕೈ ಜೋಡಿಸಿದ. ಅವನ ಅಂಗೈಯಲ್ಲಿ ಒಂದು ಬ್ಯಾಟರಿ ಇತ್ತು. ಮಂಗಳವಾರ ಉರುಳಿ ಹೋದದ್ದು. ಹುಡುಕಿ ಇಟ್ಟುಕೊಂಡಿದ್ದ, ಕೊಡುವ ಧೈರ್ಯ ಬಂದಿರಲಿಲ್ಲ.

ರೇಡಿಯೋ ಅದನ್ನು ತೆಗೆದುಕೊಂಡು ಮೇಲೆ ಹೋದ.

ಅಂದು ಇಡೀ ದಿನ ಅವನು ಮತ್ತು ತಂಗಿ ಆ ಕುಂಟು ಮೆಷಿನ್ ಮುಂದೆ ಕೂತರು. "ಇಲ್ಲಿ ಬ್ರೇಕು," "ಇಲ್ಲಿ ನಗು," "ಒಂದು ಕೂದಲೆಳೆ ಹಿಂದಕ್ಕೆ." ಅಷ್ಟೇ ಮಾತು. ಏಳಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಫೈಲ್ ಬಂತು. ಬಸ್ ತೊಳೆಯುವ ಹೆಂಗಸು ಪೈಪ್ ಎತ್ತಿದಳು, ನೀರು ಎಲ್ಲೂ ನಿಲ್ಲದೆ ಸುರಿಯಿತು. ನಾಲ್ಕೂವರೆಗೆ ತಂಗಿ ಚಿತ್ರ ಒಪ್ಪಿಸಿದಳು.

ಸಂಜೆ ರೇಡಿಯೋ ತನ್ನ ಮೈಕು, ಕೇಬಲು ಒಯ್ಯಲು ಬಂದ. ಭಾವ ಟೀ ಕೊಟ್ಟ, ಕುಡಿದ. ತಂಗಿ ನಕ್ಕಳು, ಅವನೂ ಒಂಚೂರು ನಕ್ಕ. ಇನ್‌ಸ್ಪೆಕ್ಟರಿಗೆ ಎದೆಯ ಭಾರ ಇಳಿದ ಹಾಗಾಯಿತು. ಎಲ್ಲ ಸರಿಹೋಯಿತು ಅಂದುಕೊಂಡಳು.

ಹೊರಡುವಾಗ ಅವನು ಹೊಸ್ತಿಲ ಬಳಿ ನಿಂತ. ಬ್ಯಾಗನ್ನು ಅವಳ ಕಾಲ ಬಳಿ ಇಳಿಸಿ, ಜಿಪ್ ಎಳೆದು, ಎರಡೂ ಬದಿ ಅಗಲಿಸಿ ಹಿಡಿದ. ಕುಹಕ ಇರಲಿಲ್ಲ, ಕೋಪವೂ ಇರಲಿಲ್ಲ. ಈ ಮನೆಯಿಂದ ಹೊರಡುವ ಕ್ರಮವೇ ಇನ್ನು ಇದು ಎಂದು ತಿಳಿದುಕೊಂಡವನ ಹಾಗೆ ನಿಂತಿದ್ದ.

"ನೋಡ್ಬಿಡಿ ಮೇಡಂ," ಅಂದ.

ಅವಳು ಮೊಣಕಾಲೂರಿ ಕುಳಿತಳು. ಒಳಗೆ ನೋಡದೆ ಬ್ಯಾಗ್ ಮುಚ್ಚಿಬಿಡಲು, ಕಣ್ಣು ಮುಚ್ಚಿಕೊಂಡು ಜಿಪ್ಪಿಗಾಗಿ ತಡಕಿದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು, ಎಷ್ಟು ಎಳೆದರೂ ಮುಂದೆ ಬರಲಿಲ್ಲ.